ಅಂತರ್ಜಾಲದಲ್ಲಿ ಅಜ್ಞಾತವಾಸ

ಈ ಶತಮಾನದ ಮೊದಲ ದಶಕದಲ್ಲಿ ಜಯನಗರದ ನಾಲ್ಕನೆಯ ಬ್ಲಾಕಿನ ಸುತ್ತಮುತ್ತಲೂ, ಬನಶಂಕರಿ ಹಾಗೂ ಜೆ.ಪಿ. ನಗರದ ಮುಖ್ಯರಸ್ತೆಗಳಲ್ಲಿಯೂ ಸೈಬರ್ ಕೆಫೆಗಳೆಂಬ ಅಂಗಡಿಗಳು ಸಾಲುಸಾಲಾಗಿ ತಲೆಯೆತ್ತಿದ್ದುದು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಹಲಗೆಯ ಅಡ್ಡಗೋಡೆಗಳಿಂದ ವಿಭಾಗಿಸಿದ ಇಕ್ಕಟ್ಟಾದ ಗೂಡುಗಳು, ಗೂಡಿಗೊಂದು ಗಣಕಯಂತ್ರ, ಗಂಟೆಯ ಲೆಕ್ಕದ ಬಾಡಿಗೆ. ಪರೀಕ್ಷೆಯ ಫಲಿತಾಂಶ ನೋಡುವವರು, ಕೆಲಸಕ್ಕೆ ಅರ್ಜಿ ಹಾಕುವವರು, ಪರದೇಶದಲ್ಲಿರುವ ಮಗನಿಗೆ ನಾಲ್ಕು ಸಾಲು ಬರೆಸಲು ಬಂದ ವೃದ್ಧ ದಂಪತಿಗಳು, ಎಲ್ಲರಿಗೂ ಅದೇ ಆಸರೆ. ಗೂಡಿನ ಮರೆಯಲ್ಲಿ ಆಗಬಾರದ್ದೂ ಆಗಬಹುದೆಂಬ ಶಂಕೆ ಅಧಿಕಾರಿಗಳನ್ನು ಕಾಡದಿರಲಿಲ್ಲ. ರಾಜ್ಯ ಸರಕಾರವು ೨೦೦೪ರಲ್ಲಿ ಈ ಅಂಗಡಿಗಳಿಗೆ ನಿಯಮಗಳನ್ನು ರೂಪಿಸಿತು. ೨೦೧೧ರಲ್ಲಿ ಕೇಂದ್ರ ಸರಕಾರವು ಇಡೀ ದೇಶಕ್ಕೆ ಅನ್ವಯಿಸುವ ನಿಯಮಾವಳಿಯನ್ನು ಹೊರಡಿಸಿತು. ಬಂದವನ ಗುರುತಿನ ಚೀಟಿಯನ್ನು ನೋಡತಕ್ಕದ್ದು. ಹೆಸರು, ವಿಳಾಸ, ಕುಳಿತ ಹೊತ್ತು, ಎದ್ದ ಹೊತ್ತುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದು ಕನಿಷ್ಠ ಒಂದು ವರ್ಷ ಕಾಪಾಡತಕ್ಕದ್ದು. ಗೂಡುಗಳ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದು. ಒಪ್ಪತಕ್ಕ ಗುರುತಿನ ಚೀಟಿಗಳ ಪಟ್ಟಿಯಲ್ಲಿ ಮೊದಲ ಸ್ಥಾನ ದೊರೆತದ್ದು ಶಾಲಾ ಕಾಲೇಜುಗಳು ಕೊಡುವ ಚೀಟಿಗೆ.

ಮರೆಗೆ ಅಡಿಗೋಲಿನಿಂದ ಅಳತೆ ಗೊತ್ತುಪಡಿಸಿದ ಈ ನಿಯಮವನ್ನು ಕಂಡು ಇಂದು ನಗುವವರುಂಟು. ಆದರೆ ಅದರ ಹಿಂದಿದ್ದ ಪ್ರಶ್ನೆ ನಗೆಗೀಡಾಗತಕ್ಕುದಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಮರೆ ಸಲ್ಲುತ್ತದೆ, ಆ ಮರೆ ಯಾರ ಕಣ್ಣಿನಿಂದ, ಎಂಬುದೇ ಆ ಪ್ರಶ್ನೆ. ಆ ಅಂಗಡಿಗಳಲ್ಲಿ ಬಹುಪಾಲು ಈಗ ಮುಚ್ಚಿಹೋಗಿವೆ, ಇಲ್ಲವೆ ಜೆರಾಕ್ಸ್ ಅಂಗಡಿಗಳಾಗಿ ಮಾರ್ಪಟ್ಟಿವೆ. ಒಂಬತ್ತನೆಯ ತರಗತಿಯ ಬಾಲಕನ ಕೈಯಲ್ಲಿಯೂ ಮೊಬೈಲ್ ಇದೆ. ಅಡ್ಡಗೋಡೆ ಆ ಮೊಬೈಲಿನೊಳಕ್ಕೇ ಸೇರಿಕೊಂಡಿದೆ. ಇನ್‌ಕಾಗ್ನಿಟೊ, ವಿ.ಪಿ.ಎನ್., ಟಾರ್ ಎಂಬ ಹೆಸರುಗಳು ವಿದ್ಯಾರ್ಥಿಗಳ ನಾಲಗೆಯ ಮೇಲೆ ಸಲೀಸಾಗಿ ಹರಿದಾಡುತ್ತವೆ. ಉಪಾಧ್ಯಾಯರಿಗಾದರೋ ಅವು ಕಿವಿಗೆ ಬೀಳುವುದು ಬಹುಮಟ್ಟಿಗೆ ಪತ್ರಿಕೆಗಳ ಅಪರಾಧ ವಾರ್ತೆಗಳ ಮೂಲಕ. ಆದಕಾರಣ ಮಗು ಅವುಗಳನ್ನು ಮಂತ್ರದಂಡವೆಂದು ತಿಳಿಯುತ್ತದೆ, ಹಿರಿಯರು ಕಳ್ಳರ ಕನ್ನಗತ್ತರಿಯೆಂದು ತಿಳಿಯುತ್ತಾರೆ. ಈ ಎರಡು ತಿಳಿವಳಿಕೆಗಳಲ್ಲಿ ಯಾವುದೂ ಸರಿಯಲ್ಲ.

ಮೊದಲು ಹಿರಿಯರ ಶಂಕೆಯನ್ನು ವಿಚಾರಿಸಬಹುದು. ಮರೆಯಲ್ಲಿರಬಯಸುವವನು ತಪ್ಪಿತಸ್ಥನೇ ಆಗಿರಬೇಕೆಂಬ ಭಾವನೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಒಪ್ಪಿಗೆಯಾಗದು. ಉಡುಪಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು ತಾವು ರಚಿಸಿದ ಕಾವ್ಯಗಳನ್ನು ಹಳೆಯ ಕವಿಯೊಬ್ಬನ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿಸಿದರು. ಮುದ್ದಣನೆಂಬ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದುಬಂದದ್ದು ೧೯೦೧ರಲ್ಲಿ ಅವರು ಎಳೆವಯಸ್ಸಿನಲ್ಲಿಯೇ ತೀರಿಕೊಂಡ ಬಹುಕಾಲದ ಮೇಲೆ. ಬಡ ಉಪಾಧ್ಯಾಯನ ಬರಹವೆಂದರೆ ಯಾರು ಕಣ್ಣೆತ್ತಿ ನೋಡುವರೋ ಎಂಬ ಅಳುಕಿನವನಿಗೆ ಮರೆಯೇ ಮಾತನಾಡುವ ಧೈರ್ಯವನ್ನು ಕೊಡುತ್ತದೆ. ಇದು ಕವಿಗಳ ಮಾತಾಯಿತು. ನ್ಯಾಯಾಲಯದ ಮಾತೂ ಇದಕ್ಕೆ ವಿರುದ್ಧವಾಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೂ ಬೆಂಗಳೂರಿನ ನಿವಾಸಿಗಳೂ ಆಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ನಿಧನರಾದರು. ಮರೆಯ ಹಕ್ಕಿಗಾಗಿ ಹೋರಾಡಿದವರು ಇಳಿವಯಸ್ಸಿನ ಒಬ್ಬ ನ್ಯಾಯಮೂರ್ತಿಗಳೆಂಬುದನ್ನು ನೆನೆದರೆ, ಮರೆ ಬೇಡುವವರೆಲ್ಲ ಕಳ್ಳರೆಂಬ ಮಾತು ತಾನಾಗಿ ಬಿದ್ದುಹೋಗುತ್ತದೆ.

ಇನ್ನು ನಿತ್ಯಜೀವನದಲ್ಲಿ ಈ ಮರೆಯ ಅಗತ್ಯ ಯಾರಿಗುಂಟು? ಮನೆಯಲ್ಲಿ ಇರುವುದು ಒಂದೇ ಮೊಬೈಲ್, ಅದು ತಂದೆಯದು. ಪ್ರಾಯಕ್ಕೆ ಬಂದ ಮಗಳಿಗೆ ತನ್ನ ದೇಹದ ವಿಚಾರವಾಗಿ ಏನೋ ಸಂದೇಹ, ಕೇಳಲು ನಾಚಿಕೆ. ಅಥವಾ ಬಂಧುವೊಬ್ಬನ ವರ್ತನೆ ಅವಳಿಗೆ ಭಯವನ್ನು ಉಂಟುಮಾಡುತ್ತಿದೆ. ಯಾರಿಗೆ ಹೇಳಬೇಕೆಂದು ತಿಳಿಯದು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮ ಎಂಬುದನ್ನು ಅವಳು ಹುಡುಕಿ ತಿಳಿದುಕೊಂಡ ಗುರುತು ಆ ಮೊಬೈಲಿನಲ್ಲಿ ಉಳಿಯದಿರುವುದೇ ಅವಳಿಗೆ ರಕ್ಷೆ. ಗಂಡನ ಹಿಂಸೆಯಿಂದ ಬಿಡುಗಡೆಗಾಗಿ ಕಾನೂನಿನ ಸಲಹೆ ಹುಡುಕುವ ಹೆಂಗಸಿಗೂ, ಕ್ಷಯವೋ ಮನೋವ್ಯಾಧಿಯೋ ತಗುಲಿದೆಯೆಂದು ಅಂಜಿ ಓದುವವನಿಗೂ ಇದೇ ಮಾತು ಅನ್ವಯಿಸುತ್ತದೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಇರುವ ತರುಣ ತಂತ್ರಜ್ಞರನ್ನು ಕೇಳಿದರೆ, ವಿ.ಪಿ.ಎನ್. ಎಂಬುದು ಅವರಿಗೆ ಹಲ್ಲುಜ್ಜುವಷ್ಟು ಸಹಜವಾದ ದಿನಚರಿ. ೨೦೨೦ರ ಮಾರ್ಚಿನ ಲಾಕ್‌ಡೌನಿನಿಂದೀಚೆಗೆ ಮನೆಯಲ್ಲಿ ಕುಳಿತು ಕಚೇರಿಯ ಕಡತ ತೆರೆಯಬೇಕಾದವರು ಮೊದಲು ಆ ಬಾಗಿಲನ್ನೇ ತಟ್ಟಬೇಕು.

ಸಾಧನದ ಉಪಯೋಗ ಇಷ್ಟು ನಿರ್ವಿವಾದವಾದ ಮೇಲೆ, ಅದರ ಮಿತಿಯನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ವಿದ್ಯಾರ್ಥಿಗಳು ತಿಳಿಯದೆ ಇರುವುದು ಇದನ್ನೇ.

ಬ್ರೌಸರಿನಲ್ಲಿಯೇ ಇರುವ ಇನ್‌ಕಾಗ್ನಿಟೊ ಎಂಬ ಕಪ್ಪು ಪುಟವನ್ನು ತೆಗೆದುಕೊಳ್ಳೋಣ. ಗೂಗಲ್ಲಿನ ಕ್ರೋಮಿನಲ್ಲಿ ಇದು ೨೦೦೮ರಿಂದಲೂ ಇದೆ. ಟೋಪಿ, ಕನ್ನಡಕಗಳ ಚಿತ್ರವನ್ನು ಕಂಡು ಹುಡುಗರು ತಾವು ಮಾಯಾವಿಗಳಾದೆವೆಂದು ಭಾವಿಸುತ್ತಾರೆ. ಅದು ಮಾಡುವುದು ಇಷ್ಟೇ: ಕಿಟಕಿಯನ್ನು ಮುಚ್ಚಿದೊಡನೆ ಆ ಯಂತ್ರದಲ್ಲಿ ಉಳಿಯಬಹುದಾಗಿದ್ದ ಹೆಜ್ಜೆಗುರುತನ್ನು ಅಳಿಸುತ್ತದೆ. ಮೇಲೆ ಹೇಳಿದ ಬಾಲಕಿಗೆ ಬೇಕಾದದ್ದು ಅಷ್ಟೇ ಆದ್ದರಿಂದ ಅವಳ ಮಟ್ಟಿಗೆ ಅದು ಒಳ್ಳೆಯ ಸಾಧನ. ಆದರೆ ಸಂಪರ್ಕವನ್ನು ಒದಗಿಸುವ ಕಂಪನಿಗೆ ಅವಳು ಯಾವ ತಾಣಕ್ಕೆ ಹೋದಳೆಂಬುದು ಎಂದಿನಂತೆಯೇ ಕಾಣುತ್ತದೆ. ಹೋದ ತಾಣಕ್ಕೂ ಕಾಣುತ್ತದೆ. ಈ ಸಂಗತಿಯನ್ನು ಆ ಪುಟವೇ ಮರೆಮಾಚದೆ ಹೇಳುತ್ತದೆ. ಭೇಟಿಕೊಟ್ಟ ತಾಣಗಳು, ಕೆಲಸಕ್ಕಿಟ್ಟುಕೊಂಡವರು ಅಥವಾ ಶಾಲೆ, ಸಂಪರ್ಕ ಒದಗಿಸುವವರು, ಇವರಿಗೆ ಎಲ್ಲವೂ ಕಾಣಬಹುದೆಂಬ ಎಚ್ಚರಿಕೆ ಅಲ್ಲಿ ಅಚ್ಚಾಗಿದೆ. ಅದನ್ನು ಓದಿದವರೆಷ್ಟು ಮಂದಿ? ಆ ಎಚ್ಚರಿಕೆಯೂ ಮೊದಲು ಪೂರ್ಣವಾಗಿರಲಿಲ್ಲ. ಈ ಮರೆಯಲ್ಲಿದ್ದಾಗಲೂ ಗೂಗಲ್ ತಮ್ಮ ಸಂಚಾರದ ವಿವರಗಳನ್ನು ಸಂಗ್ರಹಿಸಿತೆಂದು ೨೦೨೦ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಳಕೆದಾರರು ದಾವೆ ಹೂಡಿದರು. ೨೦೨೪ರ ರಾಜಿಯಲ್ಲಿ ಕಂಪನಿಯು ಅಂಥ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಒಪ್ಪಿತು.

ವಿ.ಪಿ.ಎನ್. ಇದಕ್ಕಿಂತ ಮುಂದಿನದು. ಬಳಕೆದಾರನ ಯಂತ್ರದಿಂದ ಮತ್ತೊಬ್ಬರ ಯಂತ್ರದವರೆಗೆ ಗೂಢಲಿಪಿಯ ಸುರಂಗವೊಂದನ್ನು ಅದು ತೋಡುತ್ತದೆ. ಸಂಪರ್ಕದ ಕಂಪನಿಗೆ ಸುರಂಗದ ಬಾಯಿ ಮಾತ್ರ ಕಾಣುತ್ತದೆ, ಒಳಗೆ ಹೋದದ್ದು ಕಾಣದು. ಹೋದ ತಾಣಕ್ಕೆ ಸುರಂಗದ ಆಚೆಯ ತುದಿಯ ವಿಳಾಸ ಕಾಣುತ್ತದೆಯೇ ಹೊರತು ಬನಶಂಕರಿಯ ಮನೆಯ ವಿಳಾಸವಲ್ಲ. ಬಹಳ ಸೊಗಸು. ಆದರೆ ಆ ಸುರಂಗದ ಒಡೆಯನಿಗೆ ಎರಡು ತುದಿಗಳೂ ಕಾಣುತ್ತವೆಯಲ್ಲ! ನೆರೆಮನೆಯವನ ಕಣ್ಣಿಗೆ ಅಂಜಿ ತಿಜೋರಿಯ ಕೀಲಿಕೈಯನ್ನು ದಾರಿಹೋಕನ ಕೈಗೆ ಕೊಟ್ಟಂತೆ ಆಗಬಾರದು. ಒನಾವೋ ಎಂಬ ಪುಕ್ಕಟೆ ವಿ.ಪಿ.ಎನ್. ಒಂದಿತ್ತು, ಅದನ್ನು ಫೇಸ್‌ಬುಕ್ ೨೦೧೩ರಲ್ಲಿ ಕೊಂಡುಕೊಂಡಿತು. ಬಳಕೆದಾರರನ್ನು ರಕ್ಷಿಸುವುದೆಂದು ಹೇಳಿಕೊಂಡ ಆ ಸಾಧನವು ಅವರು ಯಾವ ಯಾವ ಆ್ಯಪುಗಳನ್ನು ಎಷ್ಟೆಷ್ಟು ಬಳಸುತ್ತಾರೆಂಬುದನ್ನು ಒಡೆಯನಿಗೆ ಒಪ್ಪಿಸುತ್ತಿತ್ತು. ೨೦೧೯ರಲ್ಲಿ ಅದು ಮುಚ್ಚಿತು. ೨೦೨೩ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯವು ಈ ಸಂಬಂಧವಾಗಿ ಎರಡು ಕೋಟಿ ಡಾಲರ್ ದಂಡ ವಿಧಿಸಿತು. ಪುಕ್ಕಟೆ ಸಿಕ್ಕುವ ಮರೆಯ ಬೆಲೆಯನ್ನು ಎಲ್ಲಿಯೋ ಯಾರೋ ತೆತ್ತೇ ಇರುತ್ತಾರೆ.

ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ, ಸಾರ್ವಜನಿಕರಿಗೆ ವಿ.ಪಿ.ಎನ್. ಒದಗಿಸುವವರು ಗಿರಾಕಿಗಳ ಹೆಸರು, ವಿಳಾಸ, ದೂರವಾಣಿ, ಅವರಿಗೆ ಕೊಟ್ಟ ಐ.ಪಿ. ವಿಳಾಸ, ಬಳಕೆಯ ಉದ್ದೇಶ ಮುಂತಾದುವನ್ನು ಐದು ವರ್ಷಗಳವರೆಗೆ ಇಟ್ಟುಕೊಳ್ಳಬೇಕು. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವವಕ್ಕೆ ಇದು ಅನ್ವಯಿಸದು. ಎಕ್ಸ್‌ಪ್ರೆಸ್ ವಿ.ಪಿ.ಎನ್., ನಾರ್ಡ್, ಸರ್ಫ್‌ಶಾರ್ಕ್ ಮೊದಲಾದ ಕಂಪನಿಗಳು ಇದಕ್ಕೆ ಒಪ್ಪದೆ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದುಹಾಕಿದವು. ಸೈಬರ್ ಕೆಫೆಯ ಪುಸ್ತಕಕ್ಕೆ ಒಂದು ವರ್ಷ ಸಾಕೆನಿಸಿದ್ದ ಸರಕಾರಕ್ಕೆ ಇಲ್ಲಿ ಐದು ವರ್ಷ ಬೇಕಾಯಿತು. ತನಿಖೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲವಾದರೂ, ತಪ್ಪೇ ಮಾಡದ ಲಕ್ಷಾಂತರ ಮಂದಿಯ ದಾಖಲೆಯನ್ನು ಅಷ್ಟು ಕಾಲ ಕೂಡಿಡುವುದು ಪುಟ್ಟಸ್ವಾಮಿ ತೀರ್ಪಿನ ಆಶಯಕ್ಕೆ ಸರಿಹೊಂದುವುದೇ ಎಂಬ ಸಂಶಯ ನ್ಯಾಯವಾದುದೇ ಆಗಿದೆ. ಕೂಡಿಟ್ಟ ದಾಖಲೆ ಸೋರುವುದೂ ಉಂಟಷ್ಟೆ.

ಟಾರ್ ಎಂಬುದು ಈ ದೋಷವನ್ನು ಬಲ್ಲವರು ಕಂಡುಹಿಡಿದ ಉಪಾಯ. ೧೯೯೦ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ ಈ ತಂತ್ರದಲ್ಲಿ ಸಂದೇಶಕ್ಕೆ ಈರುಳ್ಳಿಯ ಸಿಪ್ಪೆಗಳಂತೆ ಪದರಪದರವಾಗಿ ಗೂಢಲಿಪಿಯ ಹೊದಿಕೆ ಇರುತ್ತದೆ. ಮೂರು ನೆಲೆಗಳನ್ನು ದಾಟಿ ಹೋಗುವ ಅದರ ಒಂದೊಂದು ಪದರವನ್ನು ಒಂದೊಂದು ನೆಲೆ ಬಿಡಿಸುತ್ತದೆ. ಮೊದಲನೆಯದಕ್ಕೆ ಕಳುಹಿಸಿದವನು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಂಬಿಕೆಯನ್ನು ಒಬ್ಬನ ಕೈಗೆ ಕೊಡದೆ ಮೂವರಲ್ಲಿ ಹಂಚಿದ ಜಾಣ್ಮೆ ಇದು. ಪರಿಣಾಮವಾಗಿ ವೇಗ ತಗ್ಗುತ್ತದೆ. ಹಲವು ತಾಣಗಳು ಬಾಗಿಲನ್ನೇ ತೆರೆಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಿತಿ ೨೦೦೭ರಲ್ಲಿ ಬಯಲಾಯಿತು. ಸ್ವೀಡನ್ನಿನ ತಂತ್ರಜ್ಞನೊಬ್ಬ ಟಾರ್‌ನ ಕೊನೆಯ ನೆಲೆಗಳನ್ನು ತಾನೇ ನಡೆಸಿ, ಗೂಢಲಿಪಿಯಿಲ್ಲದೆ ಹೊರಬರುತ್ತಿದ್ದ ಇ-ಮೇಲ್ ಗುಪ್ತಪದಗಳನ್ನು ಹಿಡಿದು ಪ್ರಕಟಿಸಿದ. ಅವುಗಳಲ್ಲಿ ಭಾರತದ ಕೆಲವು ರಾಯಭಾರ ಕಚೇರಿಗಳವೂ ಇದ್ದುವು. ಪತ್ರವನ್ನು ಯಾರು ತಂದರೆಂಬುದನ್ನು ಟಾರ್ ಮರೆಮಾಡಿತು, ಪತ್ರದಲ್ಲಿದ್ದುದನ್ನು ಮರೆಮಾಡಲಿಲ್ಲ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಒಂದೊಂದು ಬ್ರೌಸರಿಗೂ ಅದರದೇ ಆದ ಬೆರಳಚ್ಚು ಇದೆಯೆಂಬುದನ್ನು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ೨೦೧೦ರಲ್ಲಿ ತೋರಿಸಿತು. ಪರದೆಯ ಅಳತೆ, ಕಾಲವಲಯ, ಆರಿಸಿಕೊಂಡ ಭಾಷೆ, ಯಂತ್ರದಲ್ಲಿರುವ ಅಕ್ಷರಶೈಲಿಗಳು ಇತ್ಯಾದಿಗಳನ್ನು ಕೂಡಿಸಿ ನೋಡಿದಾಗ, ಪರೀಕ್ಷೆಗೊಳಗಾದ ಸುಮಾರು ನಾಲ್ಕು ಲಕ್ಷ ಎಪ್ಪತ್ತು ಸಾವಿರ ಬ್ರೌಸರುಗಳಲ್ಲಿ ನೂರಕ್ಕೆ ಎಂಬತ್ತಮೂರಕ್ಕಿಂತ ಹೆಚ್ಚಿನವು ಬೇರೊಂದಕ್ಕೆ ಹೋಲದಂತೆ ಇದ್ದುವು. ಲೋಕದ ಗುಂಪಿನಲ್ಲಿ ಕನ್ನಡವನ್ನು ಆರಿಸಿಕೊಂಡವರು ಎಷ್ಟು ಮಂದಿ, ನುಡಿ, ಬರಹದ ಅಕ್ಷರಶೈಲಿಗಳನ್ನು ಅಳವಡಿಸಿಕೊಂಡವರು ಎಷ್ಟು ಮಂದಿ? ತಾಯ್ನುಡಿಯ ಅಭಿಮಾನವೇ ಇಲ್ಲಿ ಗುರುತನ್ನು ಕೊಟ್ಟುಬಿಡುತ್ತದೆ. ಹಾಗೆಂದು ಯಾರೂ ಕನ್ನಡವನ್ನು ತೆಗೆದುಹಾಕಬೇಕಾಗಿಲ್ಲ; ಮರೆಯೆಂಬುದು ವಿಳಾಸವನ್ನು ಮುಚ್ಚಿದ ಮಾತ್ರಕ್ಕೆ ಪೂರ್ಣವಾಗುವುದಿಲ್ಲವೆಂಬುದನ್ನು ತಿಳಿದರೆ ಸಾಕು.

ಈ ಮಾತನ್ನು ಮಹಾಭಾರತಕ್ಕಿಂತ ಚೆನ್ನಾಗಿ ಹೇಳಿದ ಗ್ರಂಥವಿಲ್ಲ. ವಿರಾಟನಗರದಲ್ಲಿ ಪಾಂಡವರ ಅಜ್ಞಾತವಾಸಕ್ಕೆ ಏನು ಕೊರತೆಯಿತ್ತು? ವೇಷ ಬದಲಾಯಿತು, ಹೆಸರು ಬದಲಾಯಿತು, ಆಯುಧಗಳು ಬನ್ನಿಯ ಮರವನ್ನೇರಿದುವು. ಕೌರವನ ಗೂಢಚಾರರು ನಾಡುಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಹಿಂದಿರುಗಿದರು. ಕುರುಹು ಕೊಟ್ಟದ್ದು ವೇಷವಲ್ಲ, ಕೀಚಕನ ವಧೆ. ಅಂಥ ಬಲಶಾಲಿಯನ್ನು ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಮಂದಿ ಎಂದು ಲೆಕ್ಕಹಾಕಿದವರಿಗೆ ಭೀಮನ ನೆನಪಾಗದೆ ಇರುವುದು ಹೇಗೆ? ಧರ್ಮರಾಯನಿರುವ ನಾಡು ಮಳೆಬೆಳೆಗಳಿಂದ ಸಮೃದ್ಧವಾಗಿರುವುದೆಂದು ಭೀಷ್ಮರು ಕೊಟ್ಟ ಸೂಚನೆಯೂ ಇದೇ ಜಾತಿಯದು. ಇಂದಿನ ತನಿಖಾಧಿಕಾರಿಗಳು ನಡೆಯುವುದು ಈ ಹಳೆಯ ದಾರಿಯಲ್ಲಿಯೇ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ಆದರೂ ಒಂದನ್ನು ದೂರದಿಂದ ತರಬಹುದು. ೨೦೧೩ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಟಾರ್ ಬಳಸಿ ಹುಸಿ ಬಾಂಬ್ ಬೆದರಿಕೆಯನ್ನು ಕಳುಹಿಸಿದ. ಟಾರ್‌ನ ಗೂಢಲಿಪಿಯನ್ನು ಯಾರೂ ಭೇದಿಸಲಿಲ್ಲ. ಅವನು ಬಳಸಿದ್ದು ವಿಶ್ವವಿದ್ಯಾನಿಲಯದ್ದೇ ಸಂಪರ್ಕವಾದ್ದರಿಂದ, ಆ ಹೊತ್ತಿಗೆ ಅಲ್ಲಿಂದ ಟಾರ್ ಪ್ರವೇಶಿಸಿದವರು ಯಾರೆಂದು ನೋಡಿದರು, ಅವನನ್ನು ವಿಚಾರಿಸಿದರು, ಅವನು ಒಪ್ಪಿಕೊಂಡ. ಹೊಳೆ ದಾಟಿದವನ ಗುರುತು ಆಚೆಯ ದಡದಲ್ಲಿ ಸಿಕ್ಕಲಿಲ್ಲ, ಈಚೆಯ ದಡದ ಒದ್ದೆ ಮರಳಿನಲ್ಲಿ ಸಿಕ್ಕಿತು.

ಬೆಂಗಳೂರಿನ ಶಾಲೆಗಳಿಗೆ ಇದು ಕಥೆಯಾಗಿ ಉಳಿದಿಲ್ಲ. ೨೦೨೩ರ ಡಿಸೆಂಬರ್ ಒಂದರ ಬೆಳಿಗ್ಗೆ ನಗರದ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಏಕಕಾಲದಲ್ಲಿ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ತರಗತಿಗಳು ಬರಿದಾದುವು, ತಾಯಂದಿರು ಕೆಲಸವನ್ನು ಬಿಟ್ಟು ಶಾಲೆಯ ಬಾಗಿಲಿಗೆ ಓಡಿಬಂದರು. ಶೋಧನೆಯ ನಂತರ ಎಲ್ಲವೂ ಹುಸಿಯೆಂದು ತಿಳಿಯಿತು. ೨೦೨೫ರ ಜುಲೈಯಲ್ಲಿ ಮತ್ತೆ ಸುಮಾರು ನಲವತ್ತು ಶಾಲೆಗಳಿಗೆ ಅದೇ ಅನುಭವ. ಒಂದನೆಯ ತರಗತಿಯ ಮಗುವಿಗೆ ಬಾಂಬೆಂಬ ಪದದ ಅರ್ಥವನ್ನು ಶಾಲೆಯ ಅಂಗಳದಲ್ಲಿ ಕಲಿಯುವಂತೆ ಮಾಡಿದವರ ಅಪರಾಧ ಸಣ್ಣದಲ್ಲ. ಇಂಥ ಬೆದರಿಕೆಗಳ ಒಂದು ಸರಣಿಗೆ ಸಂಬಂಧಿಸಿ ೨೦೨೫ರ ಜೂನಿನಲ್ಲಿ ಅಹಮದಾಬಾದಿನ ಪೊಲೀಸರು ಚೆನ್ನೈಯಿಂದ ಒಬ್ಬರನ್ನು ಬಂಧಿಸಿದರು. ಪೊಲೀಸರ ಹೇಳಿಕೆಯಂತೆ ಮರೆಯ ಸಾಧನಗಳನ್ನೆಲ್ಲ ಬಳಸಿದ್ದರೂ, ಒಂದೇ ಯಂತ್ರದಿಂದ ಸುಳ್ಳು ಹೆಸರಿನ ಖಾತೆಯನ್ನೂ ನಿಜವಾದ ಖಾತೆಯನ್ನೂ ತೆರೆದ ಒಂದು ಕ್ಷಣದ ಅಜಾಗರೂಕತೆ ಸುಳಿವು ಕೊಟ್ಟಿತು. ಮತ್ತೆ ಕೀಚಕವಧೆಯೇ.

ಇಂಥ ಘಟನೆಗಳಾದಾಗಲೆಲ್ಲ ಈ ಸಾಧನಗಳನ್ನೇ ನಿಷೇಧಿಸಬೇಕೆಂಬ ಕೂಗು ಏಳುತ್ತದೆ. ಬೆದರಿಕೆ ಕಳುಹಿಸುವವನು ನಿಷೇಧಕ್ಕೆ ಅಂಜುವವನಲ್ಲ. ನಿಷೇಧದಿಂದ ಕೈಬರಿದಾಗುವವಳು ಸಹಾಯವಾಣಿಯನ್ನು ಹುಡುಕಿದ ಆ ಬಾಲಕಿ. ಶಾಲೆಯ ಗಣಕಯಂತ್ರಗಳಲ್ಲಿ ವಿ.ಪಿ.ಎನ್. ತಡೆಹಿಡಿಯುವುದಕ್ಕೆ ಶಾಲೆಗೆ ಅಧಿಕಾರವಿದೆ, ಕಾರಣವೂ ಇದೆ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಮಗುವಿನ ಜೇಬಿನಲ್ಲಿರುವ ಮೊಬೈಲಿಗೆ ಶಾಲೆಯ ಕಾವಲುಗಾರನ ಕೈ ನಿಲುಕದು. ಅಲ್ಲಿಗೆ ನಿಲುಕುವುದು ಪಾಠವೊಂದೇ.

ಮಕ್ಕಳು ಏನು ನೋಡುತ್ತಾರೆಂದು ತಿಳಿಯುವ ಹಕ್ಕು ತಂದೆತಾಯಿಗಳಿಗೂ ಗುರುಗಳಿಗೂ ಇಲ್ಲವೇ ಎಂದು ಕೇಳುವವರಿಗೆ ಇರುವ ಉತ್ತರ ಅಷ್ಟು ಸುಲಭವಾದುದಲ್ಲ. ಏಳು ವರ್ಷದ ಮಗುವಿನ ವಿಷಯದಲ್ಲಿ ಆ ಹಕ್ಕು ಪೂರ್ಣ. ಹದಿನೇಳರ ವಿಷಯದಲ್ಲಿ ಅದು ಬಹಳ ಕ್ಷೀಣ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟರ ಒಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಕಂಪನಿಗಳು ಅವರ ವರ್ತನೆಯ ಜಾಡು ಹಿಡಿಯುವುದನ್ನು ನಿಷೇಧಿಸಿದೆ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣಕ್ಕೂ ಮಕ್ಕಳ ಸುರಕ್ಷತೆಗೂ ಬೇಕಾದ ಮಟ್ಟಿಗೆ ಶಾಲೆಗಳಿಗೆ ವಿನಾಯಿತಿಯನ್ನು ಕೊಟ್ಟಿವೆ. ವಿನಾಯಿತಿ ಸಿಕ್ಕಿದೆಯೆಂದು ದಾನಿಗಳ ಔದಾರ್ಯದಿಂದ ಬಂದ ಗಣಕಯಂತ್ರಗಳಲ್ಲಿ ಕಾಣದ ಕಣ್ಣುಗಳನ್ನು ಅಳವಡಿಸಿ ಸುಮ್ಮನಿರುವುದು ಸಲ್ಲದು. ಸೈಬರ್ ಕೆಫೆಯ ಪುಸ್ತಕವನ್ನು ಗಿರಾಕಿಯ ಕಣ್ಣೆದುರಿಗೇ ಬರೆಯುತ್ತಿದ್ದರು. ಶಾಲೆ ಏನನ್ನು ದಾಖಲಿಸುತ್ತದೆ, ಅದನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತಾರೆ ಎಂಬುದನ್ನು ಗಣಕ ಕೊಠಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೂಗುಹಾಕುವುದಕ್ಕೆ ಖರ್ಚು ಹೆಚ್ಚಿಲ್ಲ.

ಪಾಠದ ಹೊಣೆಯನ್ನು ಗಣಕ ಉಪಾಧ್ಯಾಯರ ಮೇಲೆಯೇ ಹೊರಿಸುವ ಪದ್ಧತಿ ಎಲ್ಲೆಡೆ ಕಾಣುತ್ತದೆ. ಅದೂ ಸರಿಯಲ್ಲ. ಇನ್‌ಕಾಗ್ನಿಟೊ ಪುಟದ ಎಚ್ಚರಿಕೆ, ವಿ.ಪಿ.ಎನ್. ಕಂಪನಿಯ ಷರತ್ತುಗಳು, ಇವೆಲ್ಲ ಕಡೆಗೂ ವಾಕ್ಯಗಳೇ. ವಾಕ್ಯದ ಅರ್ಥವನ್ನು ಬಿಡಿಸುವುದು ಭಾಷೆಯ ತರಗತಿಯ ಕೆಲಸ. ‘ಕಾಣಬಹುದು’ ಎಂಬಲ್ಲಿ ಕರ್ತೃ ಯಾರು, ‘ಉಳಿಯುವುದಿಲ್ಲ’ ಎಂದರೆ ಎಲ್ಲಿ ಉಳಿಯುವುದಿಲ್ಲ ಎಂದು ಕೇಳುವುದನ್ನು ಕನ್ನಡ ಉಪಾಧ್ಯಾಯರಿಗಿಂತ ಚೆನ್ನಾಗಿ ಬಲ್ಲವರು ಶಾಲೆಯಲ್ಲಿ ಬೇರೆ ಇಲ್ಲ. ಕ್ರೋಮಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದರೆ ಆ ಎಚ್ಚರಿಕೆ ಕನ್ನಡದಲ್ಲಿಯೇ ತೆರೆದುಕೊಳ್ಳುತ್ತದೆ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಯಾರಿಗೆ ಕಾಣದು, ಯಾರಿಗೆ ಕಾಣುವುದು ಎಂದು ಕರಿಹಲಗೆಯ ಎರಡು ಬದಿಗಳಲ್ಲಿ ಮಕ್ಕಳ ಕೈಯಿಂದಲೇ ಬರೆಯಿಸಬಹುದು. ಎಂಟನೆಯ ತರಗತಿಯ ಗದ್ಯಪಾಠಕ್ಕಿಂತ ಅದು ಕಠಿನವಲ್ಲ. ಒಂದು ಪೀರಿಯಡ್ ಸಾಕಾಗುತ್ತದೆ.